ಲುಪ್ಪೊ ಡೈಕೆಮಾನ ಆರು ವಾರ

ವೇಂಡಾಮ್ ಊರಿನ ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಯಲ್ಲಿ ಲುಪ್ಪೊ ಡೈಕೆಮಾನ ಕೆಲಸ ಮಣ್ಣು ಕಳೆಯುವುದಾಗಿತ್ತು. ರೈತರ ಗಾಡಿ ತೂಕದ ಕಟ್ಟೆಯ ಮೇಲೆ ಬಂದು ನಿಂತಾಗ ಅವನು ಒಂದು ಬುಟ್ಟಿ ಆಲೂಗಡ್ಡೆ ತೆಗೆದು, ತೊಳೆದು, ತೊಳೆದದ್ದನ್ನು ಮತ್ತೆ ತೂಗಿ, ಈ ಗಾಡಿಯಲ್ಲಿ ಎಷ್ಟು ಪಾಲು ಆಲೂಗಡ್ಡೆ, ಎಷ್ಟು ಪಾಲು ಹೊಲ ಎಂದು ತೀರ್ಪು ಕೊಡುತ್ತಿದ್ದ. ಸುತ್ತಲಿನ ರೈತರು ಎದುರಿಗೆ ಟೋಪಿ ಮುಟ್ಟಿ ನಮಸ್ಕರಿಸುತ್ತಿದ್ದರು, ಬೆನ್ನು ತಿರುಗಿದ ಮೇಲೆ ಬೇರೆ ಏನೋ ಅನ್ನುತ್ತಿದ್ದರು. ಲುಪ್ಪೊ ಮೊದಲನೆಯದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಂಡಿದ್ದ.

ನಿವೃತ್ತಿಯಾದ ಮೇಲೆ ಕಳೆಯಲು ಮಣ್ಣು ಸಿಗದೆ ಆ ಮನುಷ್ಯ ಕೊರಗಿ ಸಾಯಬೇಕಿತ್ತು. ಹಾಗಾಗಲಿಲ್ಲ. ಊರಿನಲ್ಲಿ ಮೀನು ಸಾಕುವವರ ಚಂದ್ರಮೀನು ಸಂಘ ಅವನನ್ನು ಮನೆ ತಪಾಸಣೆಯ ತೀರ್ಪುಗಾರನನ್ನಾಗಿ ಮಾಡಿತು. ಪ್ರತಿ ಶರತ್ಕಾಲದಲ್ಲಿ ಸಂಘದ ಸದಸ್ಯರ ಮನೆಗಳಿಗೆ ಹೋಗಿ, ನಡುಮನೆಯ ಅಕ್ವೇರಿಯಂ ಎದುರು ಕುರ್ಚಿ ಹಾಕಿ ಕುಳಿತು, ಗಿಡಗಳಿಗೆ ಇಷ್ಟು, ಮೀನುಗಳ ಆರೋಗ್ಯಕ್ಕೆ ಇಷ್ಟು, ಒಟ್ಟು ನೋಟಕ್ಕೆ ಇಷ್ಟು ಎಂದು ಅಂಕ ಹಾಕುವ ಕೆಲಸ. ಲುಪ್ಪೊ ಟೈ ಕಟ್ಟಿಕೊಂಡೇ ಹೋಗುತ್ತಿದ್ದ. ಅಂಕ ಹಾಕುವ ಮೊದಲು ಯಾರ ಮನೆಯಲ್ಲೂ ಕಾಫಿ ಮುಟ್ಟುತ್ತಿರಲಿಲ್ಲ. ಒಂದು ಬಿಸ್ಕತ್ತು ನ್ಯಾಯವನ್ನು ಎತ್ತ ಬೇಕಾದರೂ ವಾಲಿಸಬಲ್ಲದು ಎಂಬುದು ಅವನ ನಂಬಿಕೆ. ಆ ಮನೆಯ ಹೆಂಗಸರು ಬಾಗಿಲ ಸಂದಿನಲ್ಲಿ ನಿಂತು, ಕಾಫಿ ಆರುವುದನ್ನೂ ಗಂಡನ ಮುಖ ಬಿಳಿಚುವುದನ್ನೂ ಒಟ್ಟಿಗೆ ನೋಡಬೇಕಾಗುತ್ತಿತ್ತು.

ಅವನ ಹೆಂಡತಿ ಹಿಲ್ಲೆ ಬೇಕರಿಯ ಕೌಂಟರಿನಲ್ಲಿ ಆಯುಷ್ಯ ಕಳೆದವಳು. ಊರಿನ ಅರ್ಧ ಜನಕ್ಕೆ ಯಾವ ಬ್ರೆಡ್ ಬೇಕೆಂದು ಕೇಳದೆಯೇ ಕಟ್ಟಿಕೊಡುತ್ತಿದ್ದಳು. ತಪಾಸಣೆಯಿಂದ ಗಂಡ ಮನೆಗೆ ಬಂದಾಗ ಅವಳು ಕೇಳುತ್ತಿದ್ದದ್ದು ಒಂದೇ.

"ಇವತ್ತು ಯಾರನ್ನ ಅಳಿಸಿ ಬಂದೆ?"

"ಯಾರೂ ಅಳಲಿಲ್ಲ. ಬ್ರಾಮರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಅಷ್ಟೇ."

"ಅವನ ಮೀನು?"

"ಅವೂ ಮಾತಾಡಲಿಲ್ಲ," ಅನ್ನುತ್ತಿದ್ದ ಲುಪ್ಪೊ, ತಾನು ತಮಾಷೆ ಮಾಡಿದೆ ಎಂಬುದು ಗೊತ್ತೇ ಆಗದೆ.

ಅವರ ಮನೆಯಲ್ಲಿ ಟೀವಿ ಇರಬೇಕಾದ ಜಾಗದಲ್ಲಿ ಗಾಜಿನ ತೊಟ್ಟಿ ಇತ್ತು, ಗೋಡೆಯ ಉದ್ದಕ್ಕೂ. ಟೀವಿ ಮೂಲೆಗೆ ಸರಿದಿತ್ತು. ಅದನ್ನು ನೋಡಬೇಕಾದವರು ಕತ್ತು ತಿರುಚಬೇಕು. ತೊಟ್ಟಿಯೊಳಗೆ ದಕ್ಷಿಣ ಅಮೆರಿಕದ ನದಿಗಳವು ಬಿಟ್ಟರೆ ಬೇರೆ ಯಾವ ಜೀವವೂ ಕಾಲಿಡುವಂತಿರಲಿಲ್ಲ, ಕಾಲು ಇಲ್ಲದಿದ್ದರೂ. ತಾತಂದಿರು ಒಲೆಗೆ ಉರುವಲಾಗಿ ಅಗೆಯುತ್ತಿದ್ದ ಜವುಗಿನ ಕರಿಮಣ್ಣನ್ನು ಲುಪ್ಪೊ ಚೀಲದಲ್ಲಿ ತುಂಬಿ ಫಿಲ್ಟರಿಗೆ ತುರುಕುತ್ತಿದ್ದ. ನೀರು ಚಹಾದ ಬಣ್ಣಕ್ಕೆ ತಿರುಗಿ, ಆ ದೂರದ ನದಿಗಳ ಮೀನುಗಳಿಗೆ ತವರಿನಂತೆ ಆಗುತ್ತಿತ್ತು. ಬಾವುಟದಂಥ ರೆಕ್ಕೆಗಳ ಚಂದ್ರಮೀನುಗಳು, ನೀಲಿ ಚುಕ್ಕಿಯ ಪುಟ್ಟ ಚಿಟ್ಟೆಮೀನುಗಳು, ಎರಡೂ ಸಿಕ್ಲಿಡ್ ಜಾತಿಯವು, ಲುಪ್ಪೊನ ಮಾತಿನಲ್ಲಿ ತೊಟ್ಟಿಯ ಯಜಮಾನರು. ಜೊತೆಗೆ ಸಂಗಡದ ಮೀನುಗಳು: ಮೇಲ್ಗಡೆ ಓಡಾಡುವ ಸಣ್ಣವು ಒಂದಷ್ಟು, ತಳದಲ್ಲಿ ಮರಳು ಕೆದಕುವ ಮೀಸೆಯವು ಒಂದಷ್ಟು.

"ಇವು ಯಾಕೆ ಬೇಕು, ನಿನ್ನ ಯಜಮಾನರು ಸಾಲದಾ?" ಎಂದು ಹಿಲ್ಲೆ ಮದುವೆಯಾದ ಹೊಸದರಲ್ಲಿ ಕೇಳಿದ್ದಳು.

"ಸಿಕ್ಲಿಡ್ ತುಂಬ ಪುಕ್ಕಲು. ಸಂಗಡದ ಮೀನು ಆರಾಮಾಗಿ ಓಡಾಡೋದು ಕಂಡ್ರೆ ಮಾತ್ರ, ಹೊರಗೆ ಅಪಾಯ ಇಲ್ಲ ಅಂತ ಬೇರಿನ ಹಿಂದಿನಿಂದ ಬರುತ್ತೆ. ಬಂದ ಮೇಲೆ ಯಜಮಾನಿಕೆ."

ಹಿಲ್ಲೆ ಅವನನ್ನೇ ನೋಡಿದ್ದಳು. "ಅಂದ್ರೆ ನನ್ನ ಕೆಲಸ."

ನಿಜವೂ ಹೌದು. ಆ ಮನೆಗೆ ಯಾರು ಬಂದರೂ ಬಾಗಿಲು ತೆಗೆಯುವವಳು ಅವಳು, ಹವೆ, ಮೊಣಕಾಲು ನೋವು, ಮೊಮ್ಮಕ್ಕಳು ಎಂದು ಮಾತು ಹಚ್ಚುವವಳು ಅವಳು. ನಗು ಕೇಳಿಸಿದ ಮೇಲೆ ಲುಪ್ಪೊ ಒಳಗಿನಿಂದ ಗಂಟಲು ಸರಿಮಾಡಿಕೊಳ್ಳುತ್ತ ಹೊರಗೆ ಬಂದು, ಬಂದವರಿಗೆ ನೀರಿನ ಗಡಸುತನದ ಬಗ್ಗೆ ತಿಳಿಸಿಕೊಡುತ್ತಿದ್ದ.

ಆ ನವೆಂಬರಿನಲ್ಲಿ ಸಂಘದ ವಾರ್ಷಿಕ ಸಂಜೆಯ ಲಾಟರಿಯಲ್ಲಿ ಲುಪ್ಪೊನಿಗೆ ನಾಲ್ಕು ಮರಿ ಚಂದ್ರಮೀನುಗಳ ಚೀಲ ಬಂತು. ಅಧ್ಯಕ್ಷ ಮೆನ್ನೊ ಬುಲ್ತೌಸ್ ಸ್ವಂತ ಕೈಯಿಂದ ಬೆಳೆಸಿದವು. ಮೆನ್ನೊ ಹಿಂದೆ ಕಾರು ಓಡಿಸಲು ಕಲಿಸುತ್ತಿದ್ದವನು. ಈಗಲೂ ಯಾರ ಪಕ್ಕದಲ್ಲಿ ಕೂತರೂ ಬ್ರೇಕ್ ಇರಬೇಕಾದ ಜಾಗದಲ್ಲಿ ಕಾಲು ಒತ್ತುತ್ತಾನೆ. ಅವನು ಲುಪ್ಪೊನ ಮನೆತನಕ ಬಂದು, ತನ್ನ ಮಕ್ಕಳು ಹೊಸಮನೆ ಹೊಗುವುದನ್ನು ನೋಡುತ್ತೇನೆ ಎಂದು ಕೋಟು ಬಿಚ್ಚದೆ ನಿಂತ. ಹೊಸ ಮೀನನ್ನು ಮೊದಲು ಬೇರೆ ತೊಟ್ಟಿಯಲ್ಲಿ ಕ್ವಾರಂಟೈನ್‌ಗೆ ಇಡಬೇಕು ಎಂಬುದು ಲುಪ್ಪೊನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಅಧ್ಯಕ್ಷನ ಎದುರಿಗೆ ಅಧ್ಯಕ್ಷನ ಮೀನಿಗೆ ರೋಗವಿರಬಹುದು ಅನ್ನುವುದು ಹೇಗೆ? ಚೀಲ ಬಿಚ್ಚಿ ಸೀದಾ ತೊಟ್ಟಿಗೆ ಬಿಟ್ಟ. ಮೆನ್ನೊ ಚಪ್ಪಾಳೆ ತಟ್ಟಿದ. ಹಿಲ್ಲೆ ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟಳು.

ಬಿಳಿಚುಕ್ಕೆ ರೋಗ ಮೊದಲು ಆ ನಾಲ್ಕಕ್ಕೇ ಬಂತು, ಆಮೇಲೆ ಎಲ್ಲಕ್ಕೂ. ಕ್ರಿಸ್‌ಮಸ್ ಹೊತ್ತಿಗೆ ತೊಟ್ಟಿಯಲ್ಲಿ ಗಿಡಗಳು, ಮರದ ಬೇರು, ಚಹಾ ಬಣ್ಣದ ನೀರು ಬಿಟ್ಟರೆ ಏನೂ ಉಳಿಯಲಿಲ್ಲ. ಹನ್ನೊಂದು ವರ್ಷದ ಮುದಿ ಚಂದ್ರಮೀನೊಂದನ್ನು ಲುಪ್ಪೊ ಹಿತ್ತಲಿನ ಗುಲಾಬಿಯ ಬುಡದಲ್ಲಿ ಹೂತ; ಹೂಳುವಾಗಲೂ ಟೈ ಇತ್ತು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹೊಸ ವರ್ಷದ ಮೊದಲ ಸಭೆಯಲ್ಲಿ ಅವನು ಎದ್ದು ನಿಂತು ಕ್ವಾರಂಟೈನ್ ಕುರಿತು ಉಪನ್ಯಾಸ ಮಾಡಿದ. ಯಾರ ಹೆಸರನ್ನೂ ಎತ್ತಲಿಲ್ಲ, ಮೆನ್ನೊನ ಮುಖವನ್ನು ಮಾತ್ರ ಬಿಡದೆ ನೋಡಿದ.

"ಆರು ವಾರ," ಅಂದ. "ಇನ್ನು ಮುಂದೆ ನನ್ನ ಮನೇಲಿ ಆರು ವಾರ ಅಂದ್ರೆ ಆರು ವಾರ. ರಾಜರೇ ಬಂದು ಮೀನು ಕೊಟ್ಟರೂ ಸರಿ, ಮೊದಲು ಶೆಡ್ಡಿಗೆ."

"ರಾಜರನ್ನಾ, ಮೀನನ್ನಾ?" ಎಂದು ಹಿಂದಿನ ಸಾಲಿನಿಂದ ಬ್ರಾಮರ್ ಕೇಳಿದ. ಎಲ್ಲರೂ ನಕ್ಕರು. ಲುಪ್ಪೊ ನಗಲಿಲ್ಲ. ಆರು ವಾರದ ಆ ಮಾತು ಅವತ್ತಿನಿಂದ ಅವನ ಕತ್ತಿಗೆ ಟೈಗಿಂತ ಬಿಗಿಯಾಗಿ ಕೂತಿತು.

ಹಿಲ್ಲೆಯ ಹೊಟ್ಟೆನೋವು ಬೇಸಿಗೆಯಿಂದಲೂ ಇತ್ತು. ಅವಳು ಅದನ್ನು ವಯಸ್ಸಿನ ಖಾತೆಗೆ ಹಾಕಿದ್ದಳು. ಜನವರಿಯಲ್ಲಿ ಆಸ್ಪತ್ರೆಯವರು ಒಳಗೆಲ್ಲ ನೋಡಿ, ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಯಲ್ಲೇ ಇರುವುದು ಒಳ್ಳೆಯದು ಅಂದರು. ಮೇಲಿನ ಕೋಣೆಗೆ ಮೆಟ್ಟಿಲು ಹತ್ತಲು ಅವಳಿಗೆ ಆಗುತ್ತಿರಲಿಲ್ಲ. ಎತ್ತರ ತಗ್ಗು ಮಾಡಬಹುದಾದ ರೋಗಿಯ ಮಂಚವನ್ನು ತಂದವರು ನಡುಮನೆಯಲ್ಲಿ ಕಿಟಕಿಯ ಕಡೆಗೆ ಹಾಕಿದರು, ಬೀದಿ ಕಾಣಲಿ ಎಂದು.

"ಬೀದಿ ಬೇಡಪ್ಪ," ಅಂದಳು ಹಿಲ್ಲೆ. "ಅಲ್ಲಿ ಹೋಗೋರೆಲ್ಲ ಗೊತ್ತಿರೋರೇ, ಏನು ಬ್ರೆಡ್ ತಗೋತಾರೆ ಅಂತಾನೂ ಗೊತ್ತು. ತೊಟ್ಟಿ ಕಡೆ ತಿರುಗಿಸಿ."

"ತೊಟ್ಟೀಲಿ ಮೀನಿಲ್ಲವಲ್ಲ, ಹಿಲ್ಲೆ," ಅಂದ ಲುಪ್ಪೊ.

"ಹಾಕ್ತೀಯಲ್ಲ."

ಹಾಕುತ್ತೇನೆ ಎಂದು ಅವನು ಒಪ್ಪಿದ. ಆ ಭಾನುವಾರವೇ ಸಂಘದ ಮೀನುಸಂತೆಗೆ ಹೋಗಿ, ಅವಳಿಗೆ ಇಷ್ಟವಾದವನ್ನೇ ಆರಿಸಿ ತಂದ: ಚಿಟ್ಟೆಮೀನಿನ ಒಂದು ಜೋಡಿ, ಎರಡು ಚಂದ್ರಮೀನು, ಸಂಗಡಕ್ಕೆ ಸಣ್ಣವು ಒಂದು ಹಿಂಡು, ಮೀಸೆಯವು ಅರ್ಧ ಡಜನ್. ಚೀಲಗಳನ್ನು ಕೋಟಿನೊಳಗೆ ಎದೆಗೆ ಒತ್ತಿಕೊಂಡು, ಕೊರೆಯುವ ಗಾಳಿಯಲ್ಲಿ ಸೈಕಲ್ಲನ್ನು ತಳ್ಳಿಕೊಂಡೇ ಬಂದ. ಹಿತ್ತಲ ಬಾಗಿಲಿನಿಂದ ಬಂದವನು ಮನೆಯೊಳಗೆ ಹೋಗಲಿಲ್ಲ, ಸೀದಾ ಹಿತ್ತಲ ಕೊನೆಯ ಶೆಡ್ಡಿಗೆ ಹೋದ. ಅಲ್ಲಿ ಸೈಕಲ್ ಪಂಪು, ಹುಲ್ಲು ಕತ್ತರಿಸುವ ಯಂತ್ರಗಳ ನಡುವೆ ಕ್ವಾರಂಟೈನ್ ತೊಟ್ಟಿ ಬೆಚ್ಚಗೆ ಕಾದು ಸಿದ್ಧವಾಗಿತ್ತು.

ಅವನು ಕೈ ಒರೆಸಿಕೊಂಡು ಒಳಗೆ ಬಂದಾಗ ಹಿಲ್ಲೆ ದಿಂಬಿಗೆ ಒರಗಿ ಎದ್ದು ಕೂತಿದ್ದಳು. ತಲೆ ಬಾಚಿಕೊಂಡಿದ್ದಳು.

"ಎಲ್ಲಿ?"

"ಶೆಡ್ಡಲ್ಲಿ. ಆರು ವಾರ."

"ಓ," ಅಂದಳು. "ಸರಿ. ಹೇಗಿದಾವೆ ಹೇಳು."

ಅಂದಿನಿಂದ ಇದೊಂದು ವಾಡಿಕೆಯಾಯಿತು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಬೆಳಕು ಹೋಗುವ ಹೊತ್ತಿಗೆ ದೀರ್ಘವಾಗಿ ಒಮ್ಮೆ ಲುಪ್ಪೊ ಶೆಡ್ಡಿಗೆ ಹೋಗಿ, ಟಾರ್ಚು ಹಿಡಿದು ಒಂದೊಂದು ಮೀನಿನ ಒಂದೊಂದು ರೆಕ್ಕೆಯನ್ನೂ ಪರೀಕ್ಷಿಸಿ, ಬಂದು ಮಂಚದ ಅಂಚಿನಲ್ಲಿ ಕೂತು ವರದಿ ಒಪ್ಪಿಸುತ್ತಿದ್ದ. ಮೊದಮೊದಲು ಅದು ಲ್ಯಾಟಿನ್ ಹೆಸರುಗಳು, ಆಮ್ಲದ ಪ್ರಮಾಣ, ಉಸಿರಾಟದ ವೇಗ. ಹಿಲ್ಲೆ ಕಣ್ಣು ಮುಚ್ಚಿದಳು.

"ಲುಪ್ಪೊ, ನಾನೇನು ಸಂಘದವಳಾ? ಆ ಚಿಟ್ಟೆಮೀನು ಹೆಣ್ಣು ಹೇಗಿದೆ, ಅದನ್ನ ಹೇಳು."

ಅವನು ತಡವರಿಸಿ ಅಂದ, "ಹೊಟ್ಟೆ ಕೆಂಪಿದೆ. ನಿನ್ನ ಹಳೇ ಸ್ವೆಟರ್ ಇತ್ತಲ್ಲ, ಆಮ್‌ಲ್ಯಾಂಡ್ ದ್ವೀಪಕ್ಕೆ ಹೋದಾಗ ಹಾಕ್ಕೊಂಡಿದ್ದು, ಹಾಗೆ. ಗಂಡು ಅದರ ಹಿಂದೆ ಹಿಂದೆ ಹೋಗುತ್ತೆ, ಅದು ತಿರುಗಿ ಒಂದು ಏಟು ಕೊಡುತ್ತೆ."

"ಜಾಣೆ," ಅಂದಳು ಹಿಲ್ಲೆ.

ದಿನ ಹೋದಂತೆ ಅವನ ವರದಿ ಉದ್ದವಾಯಿತು, ಅವಳ ಮಾತು ಗಿಡ್ಡವಾಯಿತು. ಮೀಸೆಯ ಮೀನುಗಳಲ್ಲಿ ಒಂದು ಥೇಟ್ ಮೆನ್ನೊನ ಹಾಗೆ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬರುತ್ತದೆ ಎಂದು ಕೇಳಿ ಅವಳು ನಕ್ಕಿದ್ದಳು, ನಕ್ಕು ನೋವಾಗಿ ಅವನ ಕೈ ಹಿಡಿದಿದ್ದಳು. ಚಿಟ್ಟೆಮೀನಿನ ಜೋಡಿ ಚಪ್ಪಟೆ ಕಲ್ಲನ್ನು ಬಾಯಲ್ಲಿ ಉಜ್ಜಿ ಶುದ್ಧಮಾಡಿ ಅದರ ಮೇಲೆ ಮೊಟ್ಟೆಯಿಟ್ಟಿತು. ಮಾರನೆಯ ದಿನ ತಾವೇ ತಿಂದುಬಿಟ್ಟವು.

"ಯಾಕೆ?"

"ಮೊದಲ ಸಲ ಹಾಗೇ. ಗಾಬರಿ ಆಗುತ್ತೆ, ಏನು ಮಾಡಬೇಕು ಅಂತ ಗೊತ್ತಾಗಲ್ಲ."

"ಪಾಪ," ಅಂದಳು. ಆಮೇಲೆ, "ಒಂದು ಬಾಟಲೀಲಿ ಹಾಕ್ಕೊಂಡು ಬಾರೋ. ಆ ಎರಡನ್ನೇ. ಕಣ್ಣಿಗೆ ಕಂಡ್ರೆ ಸಾಕು."

"ಈಗ ಅಲ್ಲಾಡಿಸಿದ್ರೆ ಅವಕ್ಕೆ ಆಘಾತ ಆಗುತ್ತೆ, ಹಿಲ್ಲೆ. ಅರ್ಧ ದಾರಿ ಆಗಿದೆ. ಇನ್ನು ಸ್ವಲ್ಪ ದಿನ."

ಅವಳು ತಲೆ ಆಡಿಸಿದಳು. "ಬೇಡ ಹಾಗಾದ್ರೆ. ಅವಕ್ಕೆ ತೊಂದರೆ ಬೇಡ."

ಬಾಟಲಿಯಿಂದ ಮೀನು ತೊಟ್ಟಿಗೆ ಹೋಗಬೇಕಾಗಿಯೇ ಇರಲಿಲ್ಲ. ಮಂಚದ ಪಕ್ಕದ ಮೇಜಿನ ಮೇಲೆ ಒಂದು ಸಂಜೆ ಇದ್ದು, ಮತ್ತೆ ಶೆಡ್ಡಿಗೆ ಹೋಗಬಹುದಿತ್ತು. ಯಾವ ನಿಯಮವೂ ಮುರಿಯುತ್ತಿರಲಿಲ್ಲ. ನಲವತ್ತು ವರ್ಷ ಮೀನು ಸಾಕಿದವನಿಗೆ ಇದು ಹೊಳೆಯಲಿಲ್ಲ. ಹೊಳೆಯದಿದ್ದುದಕ್ಕೆ ಆ ನಲವತ್ತು ವರ್ಷವೇ ಕಾರಣ.

ಸಂಜೆಯ ಹೊತ್ತು ಹಿಲ್ಲೆ ದೀಪ ಹಚ್ಚಗೊಡುತ್ತಿರಲಿಲ್ಲ. ತೊಟ್ಟಿಯ ದೀಪವೂ ಗಿಡಗಳಿಗೆ ಬೇಕಾದಷ್ಟು ಹೊತ್ತು ಉರಿದು ತಾನಾಗಿ ಆರುತ್ತಿತ್ತು. ದಿನಾ ಬರುವ ನರ್ಸ್ ಗೇಸ್ಕೆಗೆ ಅವಳು ಒಮ್ಮೆ ಹೇಳಿದಳು:

"ತೊಟ್ಟೀಲಿ ಒಂದು ಮೀನಿದೆ, ನಿಂಗೆ ಗೊತ್ತಾ? ಸಂಜೆ ಬರುತ್ತೆ. ದೊಡ್ಡದು, ಮುದಿ ಮೀನು. ಬಗ್ಗಿ ಬಗ್ಗಿ ಏನೋ ಹುಡುಕುತ್ತೆ."

"ಏನು ಬಣ್ಣ ಅಜ್ಜಿ?"

"ಬೂದಿ ಬಣ್ಣದ ಜಾಕೆಟ್ಟು."

ಗೇಸ್ಕೆ ನಕ್ಕಳು. ಲುಪ್ಪೊ ಅವಳನ್ನು ಅಡುಗೆಮನೆಗೆ ಕರೆದು, ನೋವಿನ ಔಷಧಿ ಜಾಸ್ತಿಯಾಗಿದೆಯೇನೋ ಎಂದು ಪಿಸುಗುಟ್ಟಿ ಕೇಳಿದ. ಇರಬಹುದು ಅಂದಳು ಗೇಸ್ಕೆ. ಅವಳು ನೇರ ಮಾತಿನ ಹೆಂಗಸು. ಒಂದು ದಿನ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಡೈಕೆಮಾ ಅವರೇ, ನಿಮ್ಮ ಆರು ವಾರ ಎಲ್ಲಿಗೆ ಬಂತು?"

"ಇನ್ನು ಎರಡು ವಾರದ ಹತ್ತಿರ ಇದೆ."

"ಅವರ ಹತ್ತಿರ ಅಷ್ಟಿಲ್ಲ."

ಲುಪ್ಪೊ ಅವಳ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಒಳಗೆ ಬಂದು ಹೆಂಡತಿಗೆ ಹೇಳಿದ:

"ಶನಿವಾರ ತರ್ತೀನಿ. ಎಲ್ಲವನ್ನೂ."

"ಆರು ವಾರ?"

"ಹಾಳಾಗಿ ಹೋಗಲಿ."

ಹಿಲ್ಲೆ ಹುಬ್ಬೇರಿಸಿದಳು. "ಮೆನ್ನೊಗೆ ಗೊತ್ತಾದ್ರೆ?"

"ಅವನೂ ಹಾಳಾಗಿ ಹೋಗಲಿ."

"ನನ್ನ ತಲೆ ಬಾಚಿಸು ಹಾಗಾದ್ರೆ, ಶನಿವಾರ," ಅಂದಳು.

ಇವತ್ತೇ ಯಾಕೆ ಅಲ್ಲ ಎಂದು ಓದುವವರಿಗೆ ಅನಿಸಬಹುದು. ಶೆಡ್ಡಿನ ನೀರು ಬೇರೆ, ತೊಟ್ಟಿಯ ನೀರು ಬೇರೆ. ಒಂದರಿಂದ ಇನ್ನೊಂದಕ್ಕೆ ತಟಕ್ಕನೆ ಹಾಕಿದರೆ ಸೂಕ್ಷ್ಮ ಮೀನು ತಡೆಯುವುದಿಲ್ಲ. ದಿನಕ್ಕಿಷ್ಟು ಎಂದು ಬೆರೆಸಿ ಹೊಂದಿಸಬೇಕು. ಲುಪ್ಪೊ ನಿಯಮ ಮುರಿಯುವುದನ್ನೂ ನಿಯಮದ ಪ್ರಕಾರವೇ ಮಾಡುವವನು.

ಗುರುವಾರ ಬೆಳಗ್ಗೆ ಅವನು ತೊಟ್ಟಿಯ ನೀರನ್ನು ಜಗ್ಗಿನಲ್ಲಿ ಒಯ್ದು ಶೆಡ್ಡಿನಲ್ಲಿ ಬೆರೆಸುತ್ತಿದ್ದ. ಗೇಸ್ಕೆ ಬಂದದ್ದು, ಒಳಗೆ ಹೋದದ್ದು ಗೊತ್ತಿತ್ತು. ಆಮೇಲೆ ಅವಳು ಹಿತ್ತಲಿಗೆ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು.

"ಲುಪ್ಪೊ," ಅಂದಳು.

ಅವಳು ಯಾವತ್ತೂ ಅವನನ್ನು ಹೆಸರು ಹಿಡಿದು ಕರೆದವಳಲ್ಲ. ಅವನು ಜಗ್ಗನ್ನು ಕೆಳಗಿಟ್ಟ. ಒಳಗೆ ಹೋಗುವ ಮೊದಲು, ಜಿಗಿದಾವು ಎಂದು ಮೀನಿನ ತೊಟ್ಟಿಯ ಮೇಲೆ ಗಾಜು ಮುಚ್ಚಿದ. ಮುಚ್ಚಿದೆನಲ್ಲ, ಅಷ್ಟು ಹೊತ್ತು ಮುಚ್ಚುತ್ತಾ ನಿಂತೆನಲ್ಲ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ.

ಹಿಲ್ಲೆ ಸಮಾಧಿಯ ದಿನದವರೆಗೆ ನಡುಮನೆಯಲ್ಲೇ, ಅದೇ ಮಂಚದಲ್ಲೇ ಇರುವುದೆಂದಾಯಿತು. ಶವಸಂಸ್ಕಾರದ ಹೆಂಗಸು ಬಂದು ದೇಹ ಕೆಡದಿರಲೆಂದು ಅವಳ ಬೆನ್ನಡಿಗೆ ತಣ್ಣಗೆ ಕೊರೆಯುವ ವಿದ್ಯುತ್ ಹಲಗೆಯಿಟ್ಟು, ಮನೆಯ ಹೀಟರ್ ಆರಿಸಿ, ಹಲಗೆಯ ವೈರಿಗೆ ಪ್ಲಗ್ ಹುಡುಕಿದಳು. ಖಾಲಿ ಇದ್ದದ್ದು ತೊಟ್ಟಿಯ ಹೀಟರಿನ ಪಕ್ಕದ್ದೊಂದೇ.

"ಈ ಹೀಟರನ್ನೂ ಆರಿಸಬಹುದಾ? ಮೀನಿಲ್ಲವಲ್ಲ," ಅಂದಳು.

"ಇದೆ," ಅಂದ ಲುಪ್ಪೊ. "ಈಗ ಬರುತ್ತೆ."

ಒಂದೇ ಪಟ್ಟಿಯ ಮೇಲೆ ಎರಡು ಪ್ಲಗ್ಗುಗಳು ಅಕ್ಕಪಕ್ಕ ಕೂತವು. ಒಂದು ಅವಳನ್ನು ತಣ್ಣಗಿಟ್ಟಿತು, ಒಂದು ನೀರನ್ನು ಬೆಚ್ಚಗಿಟ್ಟಿತು.

ಅವನು ಮೀನುಗಳನ್ನು ತಂದ. ಚೀಲಗಳನ್ನು ನೀರಿನ ಮೇಲೆ ತೇಲಿಬಿಟ್ಟು, ಬಟ್ಟಲಿನಿಂದ ಒಂದೊಂದೇ ಗುಟುಕು ನೀರು ಬೆರೆಸುತ್ತ, ಕೋಟು ಹಾಕಿಕೊಂಡು ಆ ಥಂಡಿ ಕೋಣೆಯಲ್ಲಿ ಮಧ್ಯಾಹ್ನವೆಲ್ಲ ನಿಂತ. ಬಿಟ್ಟೊಡನೆ ಅವೆಲ್ಲ ಬೇರಿನ ಹಿಂದೆ ಓಡಿ ಅಡಗಿದವು. ಹೊಸ ನೀರಿನಲ್ಲಿ ಹಾಗೇ. ತೊಟ್ಟಿ ಮೊದಲಿನಂತೆಯೇ ಖಾಲಿ ಕಂಡಿತು. ಸಣ್ಣ ಸಂಗಡದ ಮೀನುಗಳೂ ಹೊರಬರಲಿಲ್ಲ.

ಕೊನೆಯ ನೋಟಕ್ಕೆ ಜನ ಬಂದರು. ಬಾಗಿಲು ತೆಗೆಯುವವರಿರಲಿಲ್ಲ. ಬೆಲ್ಲು ಎರಡು ಸಲ ಆದಮೇಲೆ ಲುಪ್ಪೊ ತಾನೇ ಹೋಗಬೇಕೆಂದು ಗೊತ್ತಾಗಿ ಹೋದ, ತೆಗೆದ, ಆಮೇಲೆ ಏನು ಹೇಳಬೇಕೆಂದು ತಿಳಿಯದೆ ಬಾಗಿಲ ಹಿಂದೆಯೇ ನಿಂತ. ಬಂದವರು ಅವನ ಕೈಯನ್ನು ಬಾಗಿಲ ಸಂದಿಯಿಂದ ಹುಡುಕಿ ಕುಲುಕಿದರು. ಗೇಸ್ಕೆ ಕಾಫಿ ಹಂಚಿದಳು. ಸಂಘದವರು ಕಪ್ಪು ಕೋಟು ಹಾಕಿ ಬಂದು, ಹಿಲ್ಲೆಯ ಮುಖ ನೋಡಿ, ತಲೆ ತಗ್ಗಿಸಿ, ಕುರ್ಚಿಯಲ್ಲಿ ಕೂತ ಮೇಲೆ ಒಬ್ಬೊಬ್ಬರಾಗಿ ತೊಟ್ಟಿಯ ಕಡೆ ತಿರುಗಿದರು. ಪಾಪ, ಅವರಿಗೆ ಬೇರೆ ದಿಕ್ಕು ಗೊತ್ತಿಲ್ಲ. ಬ್ರಾಮರ್ ಬಗ್ಗಿ ಬೇರಿನ ಹಿಂದೆ ಇಣುಕಿದ.

"ಒಂದು ಜೋಡಿ ಚಿಟ್ಟೆ ಇದೆ," ಎಂದು ಮೆನ್ನೊನ ಕಿವಿಯಲ್ಲಿ ಅಂದ.

ಮೆನ್ನೊ ಎದ್ದು ಬಂದು ಲುಪ್ಪೊನ ಪಕ್ಕದಲ್ಲಿ ನಿಂತ. "ಆರು ವಾರ ಆಯ್ತಾ?"

"ಇಲ್ಲ," ಅಂದ ಲುಪ್ಪೊ.

ಈ ಉತ್ತರಕ್ಕಾಗಿ ಮೆನ್ನೊ ಹೊಸವರ್ಷದಿಂದ ಕಾದಿದ್ದ. ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. "ಸಾಕು ಬಿಡು," ಅಂದ. "ಅಷ್ಟು ದಿನ ಸಾಕು."

ಸಮಾಧಿಯಾಯಿತು, ಕಾಫಿಯಾಯಿತು, ಒಣದ್ರಾಕ್ಷಿ ಬ್ರೆಡ್ಡಾಯಿತು. ಮಂಚವನ್ನು ಒಯ್ಯಲು ಮರುದಿನ ಬೆಳಗ್ಗೆ ಬರುತ್ತೇವೆ ಎಂದು ಹೇಳಿಕಳಿಸಿದ್ದರು. ಆ ಸಂಜೆ ಲುಪ್ಪೊ ಶೆಡ್ಡಿಗೆ ಹೋಗಿ, ಖಾಲಿ ತೊಟ್ಟಿ ತೊಳೆಯಲು ಕೈಯೆತ್ತಿ, ತೊಳೆಯದೆ, ದೀಪ ಆರಿಸುವುದನ್ನೂ ಮರೆತು ಹಿಂದಿರುಗಿದ. ನಡುಮನೆಯಲ್ಲಿ ಬೆಳಕು ಹೋಗುತ್ತಿತ್ತು. ತೊಟ್ಟಿಯ ದೀಪ ತಾನಾಗಿ ಆರಿತು. ಶೆಡ್ಡಿಗೆಂದು ದಿನಾ ಹಾಕುವ ಬೂದಿ ಬಣ್ಣದ ಜಾಕೆಟ್ ಬಿಚ್ಚದೆ ಮಂಚದ ಅಂಚಿನಲ್ಲಿ ಕೂತವನು, ವರದಿ ಒಪ್ಪಿಸಲು ಯಾರೂ ಇಲ್ಲದೆ, ಹಾಗೆಯೇ ಅವಳ ದಿಂಬಿಗೆ ತಲೆಯಿಟ್ಟು ಮಲಗಿದ.

ಅಲ್ಲಿಂದ ನೋಡಿದಾಗ ತೊಟ್ಟಿಯ ಕತ್ತಲ ಗಾಜಿನಲ್ಲಿ ಒಂದು ಚೌಕ ಬೆಳಕು ಕಂಡಿತು. ಅದೇನೆಂದು ತಿಳಿಯಲು ಅವನು ಕತ್ತು ತಿರುಗಿಸಿದ. ತಲೆಯ ಹಿಂದೆ ಅಡುಗೆಮನೆಯ ತೆರೆದ ಬಾಗಿಲು, ಅದರಾಚೆ ಕಿಟಕಿ, ಕಿಟಕಿಯಾಚೆ ಹಿತ್ತಲು, ಹಿತ್ತಲ ಕೊನೆಯಲ್ಲಿ ಶೆಡ್ಡಿನ ಉರಿಯುವ ಕಿಟಕಿ. ಮತ್ತೆ ತೊಟ್ಟಿಯ ಕಡೆ ತಿರುಗಿದ. ಅಲ್ಲಿಯೂ ಅದೇ ಕಿಟಕಿ, ಪುಟ್ಟದಾಗಿ, ನೀರಗಿಡಗಳ ನಡುವೆ. ಸಂಜೆ ಹೊತ್ತು ಆ ಕಿಟಕಿಯೊಳಗೆ ಬಗ್ಗಿ ಬಗ್ಗಿ ಹುಡುಕುತ್ತಿದ್ದ ಮುದಿ ಮೀನು ಯಾವುದೆಂದು ಆಗ ಅವನಿಗೆ ಗೊತ್ತಾಯಿತು.

ಚಿಟ್ಟೆಮೀನಿನ ಜೋಡಿ ಬೇರಿನ ಹಿಂದಿನಿಂದ ಮೆಲ್ಲಗೆ ಹೊರಬಂದು ಆ ಬೆಳಕಿನ ಚೌಕವನ್ನು ದಾಟಿ ಹೋಯಿತು. ಹೆಣ್ಣಿನ ಹೊಟ್ಟೆ ಕೆಂಪಗಿತ್ತು. ಕಿಟಕಿಯೊಳಗೆ ಯಾರೂ ಇರಲಿಲ್ಲ. ಪೂರ್ತಿ ಕತ್ತಲಾಗುವವರೆಗೂ ಲುಪ್ಪೊ ಅದನ್ನೇ ನೋಡುತ್ತ ಮಲಗಿದ್ದ.